ಪಹಣಿ ಕಿಟಕಿಯ ಒಳಗಡೆ

ತುಮಕೂರು ಸೀಮೆಯ ಒಂದು ತಾಲ್ಲೂಕು ಕಚೇರಿ, ಸೋಮವಾರ ಬೆಳಗಿನ ಹನ್ನೊಂದು ಗಂಟೆ. ಭೂಮಿ ಕೇಂದ್ರದ ಕಿಟಕಿಯ ಮುಂದಿನ ಸಾಲು ವರಾಂಡ ದಾಟಿ ಮೆಟ್ಟಿಲಿಗೆ ಇಳಿದಿದೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮಡಿಕೆಯಲ್ಲೇ ಹರಿಯತೊಡಗಿದ ಹಳೆಯ ಕಾಗದ. ಹಿರಿಯರೊಬ್ಬರ ಸರದಿ ಬರುತ್ತದೆ.

“ಯಾವ ಹೋಬಳಿ, ಯಜಮಾನ್ರೇ?”

ಹೋಬಳಿ ಹೇಳುತ್ತಾರೆ, ಊರು ಹೇಳುತ್ತಾರೆ.

“ಸರ್ವೆ ನಂಬರ್?”

“ನಲವತ್ತೈದು. ಹಿಸ್ಸಾ ಎರಡಿರ್ಬೇಕು ನೋಡಪ್ಪ. ಸೊಸೈಟಿ ಸಾಲಕ್ಕೆ ಕೇಳವ್ರೆ.”

ಆಪರೇಟರ್ ಎಂಟರ್ ಒತ್ತುತ್ತಾನೆ. ಪ್ರಿಂಟರ್ ಗೊರಗುಟ್ಟಿ ಹಾಳೆಯೊಂದನ್ನು ಹೊರಗೆ ದೂಡುತ್ತದೆ. ಹಿರಿಯರು ಅದನ್ನು ಬೆಳಕಿಗೆ ಹಿಡಿದು ಮೊದಲು ಒಂಬತ್ತನೇ ಕಾಲಂ ನೋಡುತ್ತಾರೆ. ಅಲ್ಲಿ ತಮ್ಮ ಹೆಸರಿದೆ. ಆಮೇಲೆ ಕಣ್ಣು ಹನ್ನೊಂದನೇ ಕಾಲಮ್ಮಿಗೆ ಹೋಗುತ್ತದೆ. ಸಾಲ, ಋಣ ಏನಾದರೂ ಹತ್ತಿಕೊಂಡಿದೆಯೇ ಎಂದು. ಇಲ್ಲ. ಹಾಳೆ ಕವರಿನೊಳಗೆ ಸೇರುತ್ತದೆ.

ಎಂಟರ್ ಒತ್ತಿದ್ದಕ್ಕೂ ಪ್ರಿಂಟರ್ ಸದ್ದು ಮಾಡಿದ್ದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲಿ ನಡೆಯುವ ಕೆಲಸವನ್ನು ಯಾರೂ ಗಮನಿಸುವುದಿಲ್ಲ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಎತ್ತಿ ಕಂಪ್ಯೂಟರಿಗೆ ಸೇರಿಸಿದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ತಾಲ್ಲೂಕಿಗೆ ಬಂತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಕೋಟಿಗಟ್ಟಲೆ ದಾಖಲೆಗಳ ನಡುವಿನಿಂದ ಒಂದೇ ಒಂದನ್ನು, ಅದೂ ಸರಿಯಾದದ್ದನ್ನೇ, ಕ್ಷಣದಲ್ಲಿ ಎತ್ತಿ ಕೊಡಬೇಕು. ಇಂಥ ವ್ಯವಸ್ಥೆ ಎಲ್ಲಿದ್ದರೂ, ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಬಸ್ಸಿನ ಬುಕಿಂಗ್ ಇರಲಿ, ಅದರ ಹಿಂದೆ ಡೇಟಾಬೇಸ್ ಡೆವಲಪರ್ ಎಂಬ ಕಸುಬುದಾರ ಇರುತ್ತಾನೆ, ಇರುತ್ತಾಳೆ. ಭೂಮಿ ತಂತ್ರಾಂಶದ ಒಳಗಿನ ರಚನೆಯನ್ನು ಬಿಡಿಸಿ ತೋರಿಸುವುದು ಇಲ್ಲಿನ ಉದ್ದೇಶವಲ್ಲ. ನಮಗೆಲ್ಲ ಗೊತ್ತಿರುವ ಪಹಣಿಯ ಹಾಳೆಯನ್ನು ಎದುರಿಗಿಟ್ಟುಕೊಂಡರೆ ಆ ಕಸುಬು ಏನನ್ನು ಬೇಡುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಎಸ್‌ಕ್ಯೂಎಲ್ ಎಂಬ, ಡೇಟಾಬೇಸಿಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆಯ ವ್ಯಾಕರಣ ಕಲಿಯಲು ಕೆಲವು ತಿಂಗಳು ಸಾಕು. ಟೇಬಲ್ಲಿನ ಒಂದು ಸಾಲು ಹೊರಗಿನ ಲೋಕದಲ್ಲಿ ಯಾವುದನ್ನು ಹೇಳುತ್ತಿದೆ ಎಂದು ತಿಳಿಯುವುದಕ್ಕೆ ಕೊನೆಯೆಂಬುದಿಲ್ಲ. ಈ ಕೆಲಸದಲ್ಲಿ ಚೆನ್ನಾಗಿ ಪಳಗಿದವರನ್ನು ಗಮನಿಸಿದಾಗಲೆಲ್ಲ ನನಗೆ ಕಂಡದ್ದು ಇದೇ: ಅವರು ಕೀಬೋರ್ಡಿಗೆ ಕೈಹಾಕುವ ಮೊದಲು ಬಹಳ ಪ್ರಶ್ನೆ ಕೇಳುತ್ತಾರೆ.

ಜಮೀನಿನ ವಿಸ್ತೀರ್ಣವನ್ನೇ ನೋಡಿ. ಪಹಣಿಯಲ್ಲಿ 2.30 ಎಂದಿದ್ದರೆ ಅದು ಎರಡು ಎಕರೆ ಮೂವತ್ತು ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಕಾಲೇಜಿನಿಂದ ಈಗಷ್ಟೇ ಬಂದ ಹುಡುಗ ಚುಕ್ಕಿ ಕಂಡ ಕೂಡಲೇ ದಶಮಾಂಶದ ಕಾಲಂ ಮಾಡಿಬಿಡುತ್ತಾನೆ. ರೈತನ ಒಂದು ತುಂಡು 2.30, ಇನ್ನೊಂದು 1.20. ಕಂಪ್ಯೂಟರ್ ಕೂಡಿಸಿ 3.50 ಎನ್ನುತ್ತದೆ. ಆ ವರದಿಯನ್ನು ಓದಿದವರು ಮೂರೂವರೆ ಎಕರೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು 110 ಗುಂಟೆ, 60 ಗುಂಟೆ ಸೇರಿ 170 ಗುಂಟೆ, ಎಂದರೆ ನಾಲ್ಕು ಎಕರೆ ಹತ್ತು ಗುಂಟೆ. 30 ಗುಂಟೆ ಜಮೀನು ಕಾಗದದ ಮೇಲೆ ಮಾಯ! ಯಂತ್ರ ಯಾವ ದೋಷವನ್ನೂ ತೋರಿಸುವುದಿಲ್ಲ, ಅದರ ಲೆಕ್ಕ ಅದರ ಮಟ್ಟಿಗೆ ಸರಿಯಾಗಿಯೇ ಇದೆ. ಪಳಗಿದವರು ಇಡೀ ವಿಸ್ತೀರ್ಣವನ್ನು ಅತಿ ಚಿಕ್ಕ ಅಳತೆಯಲ್ಲಿ, ಆಣೆಯ ಪೂರ್ಣ ಸಂಖ್ಯೆಯಾಗಿ, ಇಟ್ಟು, ಹಾಳೆಗೆ ಮುದ್ರಿಸುವಾಗ ಎಕರೆ–ಗುಂಟೆಗೆ ತಿರುಗಿಸುತ್ತಾರೆ. ಎಕರೆಗೆ, ಗುಂಟೆಗೆ ಬೇರೆ ಬೇರೆ ಕಾಲಂ ಇಟ್ಟರೆ, ಗುಂಟೆ 0ಯಿಂದ 39ರೊಳಗೇ ಇರಬೇಕು ಎಂಬ ಕಟ್ಟುಪಾಡನ್ನು ಟೇಬಲ್ಲಿಗೇ ಹಾಕುತ್ತಾರೆ. ಆಗ 55 ಗುಂಟೆ ಎಂದು ಯಾರೇ ಟೈಪ್ ಮಾಡಿದರೂ ಅದು ಒಳಗೆ ಹೋಗುವುದೇ ಇಲ್ಲ. ಡೇಟಾಬೇಸು ತಾನೇ ಬೇಡ ಎನ್ನುವಂತೆ ಕಟ್ಟುವುದು ಈ ಕಸುಬಿನ ದೊಡ್ಡ ಜಾಣ್ಮೆ; ಮನುಷ್ಯರ ಎಚ್ಚರಿಕೆಯನ್ನು ನಂಬಿ ಕೂತರೆ ಸಂಜೆ ಐದರ ಹೊತ್ತಿಗೆ ಯಾವ ಆಪರೇಟರನ ಎಚ್ಚರವೂ ಉಳಿದಿರುವುದಿಲ್ಲ.

ಹಿಸ್ಸಾ ನಂಬರಿನ ಕಥೆ ಇನ್ನೊಂದು ಬಗೆಯದು. ಸಹಕಾರ ಸಂಘದಿಂದ ಸಾಲಗಾರರ ಪಟ್ಟಿ ಎಕ್ಸೆಲ್‌ನಲ್ಲಿ ಬರುತ್ತದೆ. ಸರ್ವೆ ನಂಬರ್ 5, ಹಿಸ್ಸಾ 2 ಎಂಬುದನ್ನು ಅವರು 5/2 ಎಂದು ಟೈಪ್ ಮಾಡಿರುತ್ತಾರೆ. ಎಕ್ಸೆಲ್ ಅದನ್ನು ತಾರೀಖು ಎಂದು ತಿಳಿದು ಫೆಬ್ರವರಿ ಐದನ್ನೋ ಮೇ ಎರಡನ್ನೋ ಬರೆದಿಡುತ್ತದೆ. 45/2 ಮಾತ್ರ ಹಾಗೇ ಉಳಿದಿರುತ್ತದೆ, ನಲವತ್ತೈದನೇ ತಾರೀಖು ಯಾವ ತಿಂಗಳಲ್ಲೂ ಇಲ್ಲವಲ್ಲ. ಹಾಗಾಗಿ ಪಟ್ಟಿಯನ್ನು ಮೇಲುಮೇಲೆ ನೋಡಿದವರಿಗೆ ಎಲ್ಲ ನೆಟ್ಟಗೇ ಕಾಣುತ್ತದೆ. ಬಂದ ದತ್ತಾಂಶವನ್ನು ನೇರವಾಗಿ ಮುಖ್ಯ ಟೇಬಲ್ಲಿಗೆ ಸುರಿಯದೆ, ಮೊದಲು ಒಂದು ತಾತ್ಕಾಲಿಕ ಟೇಬಲ್ಲಿನಲ್ಲಿ ಇಳಿಸಿ, ಎಲ್ಲವನ್ನೂ ಅಕ್ಷರವಾಗಿಯೇ ಇಟ್ಟುಕೊಂಡು, ಅನುಮಾನದ ಸಾಲುಗಳನ್ನು ಹೆಕ್ಕಿ ತೆಗೆದು, ಸಂಘದವರಿಗೇ ಫೋನು ಮಾಡಿ ಕೇಳುವ ತಾಳ್ಮೆ ಬೇಕು. ಯಾವುದನ್ನು ಕೂಡಿಸುವುದಿಲ್ಲವೋ ಅದು ಸಂಖ್ಯೆಯಲ್ಲ. ಪಿನ್‌ಕೋಡ್, ಮೊಬೈಲ್ ನಂಬರ್, ಆಧಾರ್, ಸರ್ವೆ ನಂಬರ್ ಎಲ್ಲವೂ ಅಂಕಿಯ ವೇಷದ ಹೆಸರುಗಳು.

ಇನ್ನು ನಿಜವಾದ ಹೆಸರುಗಳು. ಒಂಬತ್ತನೇ ಕಾಲಮ್ಮಿನಲ್ಲಿ ಅಣ್ಣತಮ್ಮಂದಿರು ನಾಲ್ವರ ಜಂಟಿ ಖಾತೆ ಇರಬಹುದು. ಒಬ್ಬೊಬ್ಬರಿಗೂ ಬಿನ್ ಇಂಥವರು, ಹೆಂಗಸರಾದರೆ ಕೋಂ ಇಂಥವರು. ನಾಲ್ಕೂ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಖಾನೆಗೆ ತುಂಬಿದರೆ ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಒಬ್ಬರು ತೀರಿಕೊಂಡು ಪೌತಿ ಖಾತೆ ಆಗಬೇಕಾದ ದಿನ ಸಂಕಟ ಶುರು. ಮಾಲೀಕರಿಗೆ ಒಂದು ಟೇಬಲ್, ಜಮೀನಿಗೆ ಒಂದು, ಯಾರಿಗೆ ಯಾವ ಜಮೀನಿನಲ್ಲಿ ಎಷ್ಟು ಪಾಲು ಎಂಬುದಕ್ಕೆ ನಡುವೆ ಇನ್ನೊಂದು: ಹೀಗೆ ಬಿಡಿಸಿ, ಒಂದು ಸಂಗತಿ ಒಂದೇ ಕಡೆ ಇರುವಂತೆ ಮಾಡುವ ವಿದ್ಯೆಗೆ ನಾರ್ಮಲೈಸೇಶನ್ ಎನ್ನುತ್ತಾರೆ. ಐಬಿಎಂನ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಚಿಂತನೆಯ ಹೊಳೆ ಹರಿಯತೊಡಗಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಪೈಲಟ್ ಆಗಿದ್ದ ಗಣಿತಜ್ಞ ಆತ. ಅಲ್ಲಿಯವರೆಗೆ ಮಾಹಿತಿ ಬೇಕಾದರೆ ಅದು ಯಾವ ದಾರಿಯಲ್ಲಿ ಸಿಗುತ್ತದೆ ಎಂದು ಪ್ರೋಗ್ರಾಮರ್ ಹೆಜ್ಜೆ ಹೆಜ್ಜೆಗೂ ಹೇಳಬೇಕಿತ್ತು. ಏನು ಬೇಕೋ ಅದನ್ನು ಹೇಳಿದರೆ ಸಾಕು, ದಾರಿಯನ್ನು ಯಂತ್ರವೇ ಕಂಡುಕೊಳ್ಳಲಿ ಎಂಬುದು ಕಾಡ್ ತೆರೆದ ಬಾಗಿಲು. 1974ರಲ್ಲಿ ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಕೇಳುವಿಕೆಗೊಂದು ಭಾಷೆ ಕಟ್ಟಿದರು. ಇವತ್ತಿನ ಎಸ್‌ಕ್ಯೂಎಲ್ ಅದರದೇ ಮುಂದುವರಿಕೆ. ಬಾಯ್ಸ್ ಅದೇ ವರ್ಷ ಚಿಕ್ಕ ಪ್ರಾಯದಲ್ಲೇ ತೀರಿಕೊಂಡರು. ನಾರ್ಮಲೈಸೇಶನ್ ಪಾಠ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯ್ಸ್–ಕಾಡ್ ರೂಪ ಎಂದು ಈ ಇಬ್ಬರ ಹೆಸರನ್ನು ಒಟ್ಟಿಗೇ ಉಚ್ಚರಿಸುತ್ತಾನೆ ಎಂಬುದು ನನಗೆ ಸಮಾಧಾನದ ಸಂಗತಿ.

ಕನ್ನಡದ ಹೆಸರುಗಳು ಮತ್ತೂ ಒಂದು ಪಾಠ ಕಲಿಸುತ್ತವೆ. ಲಕ್ಷ್ಮಮ್ಮ ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಒತ್ತು, ವಿರಾಮ ಎಲ್ಲ ಸೇರಿ 9 ಸಂಕೇತ. ಯುಟಿಎಫ್–8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 27. ಹೆಸರಿಗೆ 20 ಬೈಟ್ ಸಾಕೆಂದು ಕಾಲಂ ಮಾಡಿದವರ ಟೇಬಲ್ಲಿನಲ್ಲಿ ಲಕ್ಷ್ಮಮ್ಮನವರಿಗೆ ಜಾಗವೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಳೆಯ ಬಗೆಯ ಅಕ್ಷರ ಕಾಲಮ್ಮಿಗೆ ಕನ್ನಡ ತುಂಬಿದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ, ಮೂಲ ಹೆಸರು ಮತ್ತೆ ಸಿಗುವುದಿಲ್ಲ. ರಾಜ್‌ಕುಮಾರ್ ಎಂದು ಒತ್ತು ಬಾರದಂತೆ ಬರೆಯಲು ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಒಬ್ಬ ಆಪರೇಟರ್ ಅದನ್ನು ಹಾಕಿದ, ಇನ್ನೊಬ್ಬ ಹಾಕಲಿಲ್ಲ ಎಂದರೆ ಯಂತ್ರದ ಮಟ್ಟಿಗೆ ಆ ಎರಡೂ ರಾಜ್‌ಕುಮಾರ್ ಬೇರೆ ಬೇರೆ ಮನುಷ್ಯರು. ಹುಡುಕಿದರೆ ಒಬ್ಬರು ಸಿಗುತ್ತಾರೆ, ಇನ್ನೊಬ್ಬರು ಸಿಗುವುದಿಲ್ಲ. ಮಂಗಳೂರಿನ ಕಡೆಯ ಡಿ'ಸೋಜಾ ಎಂಬ ಹೆಸರಿನ ನಡುವಿನ ಚಿಹ್ನೆಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬಳಕೆದಾರ ಟೈಪ್ ಮಾಡಿದ್ದನ್ನು ಹಾಗೇ ಕ್ವೆರಿಯೊಳಗೆ ಅಂಟಿಸುವ ತಂತ್ರಾಂಶದಲ್ಲಿ ಆ ಒಂದು ಚಿಹ್ನೆಗೆ ಕ್ವೆರಿ ಮುರಿದು ಬೀಳುತ್ತದೆ. ಅದೇ ಬಿರುಕಿನಲ್ಲಿ ಕಳ್ಳರು ತಮ್ಮ ಆಜ್ಞೆಗಳನ್ನು ತೂರಿಸಿ ಇಡೀ ಟೇಬಲ್ಲನ್ನೇ ಹೊತ್ತೊಯ್ಯಬಹುದು. ಹೆಸರನ್ನು ಕ್ವೆರಿಯಿಂದ ಬೇರೆಯಾಗಿ, ಪ್ಯಾರಾಮೀಟರ್ ಆಗಿ ಕಳಿಸುವುದನ್ನು ಮೊದಲ ವಾರದಲ್ಲೇ ರೂಢಿ ಮಾಡಿಕೊಳ್ಳಬೇಕು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿ, ರಾತ್ರಿ ಒಂಬತ್ತೂವರೆ. ಆರನೇ ಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಮೂಲೆಯಲ್ಲಿ. ಟಿಫಿನ್ ಬಾಕ್ಸ್ ಪಕ್ಕಕ್ಕೆ ಸರಿಸಿ ಹಿರಿಯ ಡೆವಲಪರ್ ಒಬ್ಬರು ಪರದೆಯನ್ನು ಓದುತ್ತಿದ್ದಾರೆ. ಹತ್ತಿರದ ಕುರ್ಚಿಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗದ ಹುಡುಗ. ನಿನ್ನೆವರೆಗೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿದ್ದ ವರದಿ ಇವತ್ತು ನಲವತ್ತು ನಿಮಿಷ ತೆಗೆದುಕೊಂಡಿದೆ.

“ಇಂಡೆಕ್ಸ್ ಹಾಕ್ಬಿಡೋಣ್ವಾ ಮೇಡಂ?”

“ತಾಳಪ್ಪ, ಮೊದಲು ಪ್ಲಾನ್ ನೋಡೋಣ. ಇಲ್ಲಿ ಅಂದಾಜು ಎಷ್ಟಿದೆ?”

“ಒಂದು ಸಾಲು.”

“ನಿಜವಾಗಿ ಬಂದಿರೋದು?”

ಹುಡುಗ ಬೆರಳಿಟ್ಟು ಅಂಕಿ ಎಣಿಸುತ್ತಾನೆ. “ಮೂರು ಲಕ್ಷದ ಎಂಬತ್ತು ಸಾವಿರ.”

ಅಲ್ಲಿ ಸಿಕ್ಕಿತು ಗುಟ್ಟು. ಒಂದೇ ಸಾಲು ಬರುತ್ತದೆಂದು ನಂಬಿದ ಡೇಟಾಬೇಸು ಪ್ರತಿ ಸಾಲಿಗೂ ಎರಡನೇ ಟೇಬಲ್ಲನ್ನು ಮೊದಲಿಂದ ಕೊನೆವರೆಗೆ ತಿರುವಿ ಹಾಕುವ ದಾರಿ ಹಿಡಿದಿದೆ. ಒಂದು ಸಲಕ್ಕಾದರೆ ಅದು ಸರಿಯಾದ ದಾರಿಯೇ. ಮೂರೂಮುಕ್ಕಾಲು ಲಕ್ಷಕ್ಕೂ ಮಿಕ್ಕಿದ ಸಲ ತಿರುವಿದರೆ ನಲವತ್ತು ನಿಮಿಷ ಆಗದೆ ಇನ್ನೇನು? ಹಿಂದಿನ ರಾತ್ರಿ ಹೊಸ ದತ್ತಾಂಶ ದೊಡ್ಡ ಪ್ರಮಾಣದಲ್ಲಿ ಬಂದಿಳಿದಿತ್ತು, ಟೇಬಲ್ಲಿನಲ್ಲಿ ಏನೇನು ಎಷ್ಟಿದೆ ಎಂಬ ಒಳಲೆಕ್ಕ ಮಾತ್ರ ಹಳೆಯದೇ ಉಳಿದಿತ್ತು. ಅಂಕಿಅಂಶ ಹೊಸದಾಗಿ ಸಂಗ್ರಹಿಸುವ ಒಂದು ಸಾಲಿನ ಆಜ್ಞೆ ಕೊಟ್ಟರು. ಯಂತ್ರ ತಾನೇ ಬೇರೆ ದಾರಿ ಆರಿಸಿತು. ವರದಿ ಆರು ಸೆಕೆಂಡಿನಲ್ಲಿ ಬಂತು. ಖರ್ಚನ್ನು ಅಂದಾಜಿಸಿ ದಾರಿ ಆರಿಸುವ ಈ ವಿಧಾನವನ್ನು 1979ರಷ್ಟು ಹಿಂದೆಯೇ ಐಬಿಎಂನ ಪೆಟ್ರೀಷಿಯಾ ಸೆಲಿಂಗರ್ ಮತ್ತು ಜೊತೆಗಾರರು ಬರೆದಿಟ್ಟಿದ್ದಾರೆ. ಆ ದಾರಿಯ ನಕ್ಷೆಯನ್ನು, ಎಕ್ಸಿಕ್ಯೂಶನ್ ಪ್ಲಾನನ್ನು, ಓದಬಲ್ಲವರು ಕಡಿಮೆ. ಈ ಒಂದು ವಿದ್ಯೆ ಬಂದರೆ ಉಳಿದ ಬಹಳಷ್ಟು ತಾನಾಗಿ ಹಿಂಬಾಲಿಸುತ್ತದೆ ಎಂದು ನಾನು ನಂಬಿದ್ದೇನೆ.

ಹುಡುಗ ಕೇಳಿದ ಇಂಡೆಕ್ಸ್ ಕೆಟ್ಟದ್ದೇನಲ್ಲ. ತಾಲ್ಲೂಕು ಕಚೇರಿಯ ಆ ಪಹಣಿಯಂಥ ದಾಖಲೆ ಕ್ಷಣದಲ್ಲಿ ಸಿಗುವುದು ಬೇಕಾದ ಸಾಲು ಎಲ್ಲಿದೆ ಎಂದು ತೋರಿಸುವ ಇಂಡೆಕ್ಸ್‌ನಿಂದಲೇ. ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ರೂಪಿಸಿದ ಬಿ–ಟ್ರೀ ಇವತ್ತಿಗೂ ಹೆಚ್ಚಿನ ಇಂಡೆಕ್ಸ್‌ಗಳ ಒಡಲು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟವೆಂದರೆ 8 ಕಿಲೋಬೈಟ್. ಅದರಲ್ಲಿ ಮುನ್ನೂರು ಕೀಲಿಗಳು ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. ಮುನ್ನೂರನ್ನು ಮುನ್ನೂರರಿಂದ, ಮತ್ತೆ ಮುನ್ನೂರರಿಂದ ಗುಣಿಸಿದರೆ 2 ಕೋಟಿ 70 ಲಕ್ಷ. ಇಡೀ ರಾಜ್ಯದ ಆ 2 ಕೋಟಿ ಪಹಣಿಗಳಲ್ಲಿ ಒಂದನ್ನು ತಲುಪಲು ಮೂರು ಪುಟ ಇಳಿದು ಇನ್ನೊಂದು ಪುಟ ತೆರೆದರೆ ಆಯಿತು. ಆದರೆ ಇಂಡೆಕ್ಸ್‌ನೊಳಗಿನ ಕ್ರಮ ಮುಖ್ಯ. ಊರು, ಸರ್ವೆ ನಂಬರ್, ಹಿಸ್ಸಾ ಎಂಬ ಕ್ರಮದಲ್ಲಿ ಕಟ್ಟಿದ್ದರೆ ಊರು ಹೇಳಿದವರಿಗೆ ಮಾತ್ರ ಅದು ನೆರವಾಗುತ್ತದೆ. ಜೊತೆಗೆ ಪ್ರತಿ ಹೊಸ ಇಂಡೆಕ್ಸೂ ಬರೆಯುವ ಕೆಲಸವನ್ನು ನಿಧಾನ ಮಾಡುತ್ತದೆ.

ಬರೆಯುವುದು ಎಂದಾಗ ಎದೆ ಗಟ್ಟಿಯಿರಬೇಕು. ಜಮೀನು ಮಾರಾಟವಾಯಿತು, ಆಕ್ಷೇಪಣೆ ಅವಧಿ ಮುಗಿಯಿತು, ಮ್ಯುಟೇಶನ್ ಆಗಬೇಕು. ಮಾರಿದವರ ಹೆಸರು ತೆಗೆಯಬೇಕು, ಕೊಂಡವರ ಹೆಸರು ಸೇರಿಸಬೇಕು. ಎರಡರ ನಡುವೆ ಕರೆಂಟು ಹೋದರೆ? ಹಳಬರ ಹೆಸರು ಹೋಗಿ ಹೊಸಬರದು ಬಾರದೆ ಜಮೀನು ಅನಾಥವಾಗಬೇಕೇ? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಟ್ರಾನ್ಸಾಕ್ಷನ್ ಎಂಬ ಈ ಭರವಸೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಜಿಮ್ ಗ್ರೇ ಮುಖ್ಯರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. 2007ರ ಜನವರಿಯಲ್ಲಿ ತಾಯಿಯ ಚಿತಾಭಸ್ಮ ಬಿಡಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದವರು ಮರಳಲಿಲ್ಲ. ಕುಸಿದ ಡೇಟಾಬೇಸು ಎದ್ದು ನಿಲ್ಲುವಾಗ ಅರ್ಧಕ್ಕೆ ನಿಂತದ್ದನ್ನು ಹಿಂದೆಗೆದು, ಮುಗಿದದ್ದನ್ನು ಉಳಿಸಿಕೊಳ್ಳುವ ಏರೀಸ್ ಎಂಬ ವಿಧಾನವನ್ನು ವಿವರಿಸಿದ 1992ರ ಪ್ರಸಿದ್ಧ ಪ್ರಬಂಧದ ಮೊದಲ ಹೆಸರು ಐಐಟಿ ಮದ್ರಾಸಿನಲ್ಲಿ ಓದಿದ ಸಿ. ಮೋಹನ್ ಅವರದು. ಮೂಲ ಸೂತ್ರ ಬಲು ಸರಳ: ಟೇಬಲ್ಲಿನ ಬದಲಾವಣೆ ಡಿಸ್ಕಿಗೆ ಹೋಗುವ ಮೊದಲು, ಏನು ಬದಲಾಯಿತು ಎಂಬ ಟಿಪ್ಪಣಿ ಲಾಗ್ ಕಡತಕ್ಕೆ ಹೋಗಿರಬೇಕು. ಯುಪಿಎಸ್ ಕೈಕೊಡುವ ಕಚೇರಿಗಳಲ್ಲೂ ದಾಖಲೆಗಳು ನೆಟ್ಟಗೆ ಉಳಿಯುವುದಕ್ಕೆ ಇಂಥ ಸಂಶೋಧನೆಯ ಬಲವಿದೆ.

ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಸ್ಸಿನ ಕೊನೆಯ ಸೀಟಿನ ಮೇಲೆ ಇಬ್ಬರು ಒಂದೇ ಕ್ಷಣ ಬೆರಳಿಟ್ಟರೆ ಒಬ್ಬರಿಗಷ್ಟೇ ಸಿಗಬೇಕು. ಇದೂ ಡೆವಲಪರ್ ಬರೆದ ಲಾಕ್‌ನ ಕೆಲಸ. ಎರಡು ಕೆಲಸಗಳು ಒಂದರ ಬೀಗಕ್ಕಾಗಿ ಇನ್ನೊಂದು ಕಾಯುತ್ತ ನಿಂತುಬಿಡದಂತೆ, ಯಾವಾಗಲೂ ಒಂದೇ ಕ್ರಮದಲ್ಲಿ ಬೀಗ ಹಿಡಿಯುವ ಶಿಸ್ತೂ ಬೇಕು.

ಇಲ್ಲದ್ದರ ಬಗ್ಗೆಯೂ ತಿಳಿದಿರಬೇಕು. ಖಾಲಿ ಖಾನೆ, ನಲ್, ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, ಗೊತ್ತಿಲ್ಲ ಎಂದರ್ಥ. ಸಾಲದ ಪಟ್ಟಿಯಲ್ಲಿ ಇಲ್ಲದ ಖಾತೆಗಳನ್ನು ಕೊಡು ಎಂದು ನಾಟ್ ಇನ್ ಬಳಸಿ ಕೇಳುತ್ತೀರಿ. ಸಾಲದ ಪಟ್ಟಿಯ ಲಕ್ಷ ಸಾಲುಗಳಲ್ಲಿ ಒಂದೇ ಒಂದರ ಖಾತೆ ಸಂಖ್ಯೆ ನಲ್ ಆಗಿದ್ದರೂ ಉತ್ತರ ಪೂರಾ ಖಾಲಿ! ಆ ಗೊತ್ತಿಲ್ಲದ ಖಾತೆ ಇದೇ ಇರಬಹುದಲ್ಲ ಎಂಬ ಅನುಮಾನದಿಂದ ಯಂತ್ರ ಎಲ್ಲವನ್ನೂ ಕೈಬಿಡುತ್ತದೆ. ತರ್ಕದ ಪ್ರಕಾರ ಅದು ಸರಿ. ಅದನ್ನು ಅರಿಯದವರು ಸಾಲವಿಲ್ಲದ ರೈತರೇ ಇಲ್ಲವೆಂದು ವರದಿ ಕೊಡುತ್ತಾರೆ. ನಾಟ್ ಎಕ್ಸಿಸ್ಟ್ಸ್ ಎಂದು ಬರೆದಿದ್ದರೆ ಈ ಗಂಡಾಂತರವಿರಲಿಲ್ಲ.

ಆ ಆರನೇ ಮಹಡಿಯ ಮೇಡಂ ಕೈಕೆಳಗಿನವರಿಗೆ ಒಂದು ರೂಢಿ ಹಾಕಿಕೊಟ್ಟಿದ್ದಾರೆ. ಚಾಲ್ತಿಯಲ್ಲಿರುವ ದತ್ತಾಂಶ ತಿದ್ದುವ ಮುಂಚೆ ಅದೇ ಷರತ್ತಿನಿಂದ ಮೊದಲು ಸಾಲುಗಳನ್ನು ಎಣಿಸಬೇಕು. ಟ್ರಾನ್ಸಾಕ್ಷನ್ ಶುರು ಮಾಡಿ ತಿದ್ದಬೇಕು. ತಿದ್ದಿದ ಸಾಲುಗಳ ಲೆಕ್ಕ ಮೊದಲಿನದಕ್ಕೆ ತಾಳೆಯಾದರೆ ಕಮಿಟ್, ಒಂದು ಹೆಚ್ಚುಕಮ್ಮಿಯಾದರೂ ರೋಲ್‌ಬ್ಯಾಕ್. ಷರತ್ತು ಬರೆಯಲು ಮರೆತು ಇಡೀ ಟೇಬಲ್ಲಿಗೆ ಒಂದೇ ಹೆಸರು ತುಂಬಿಬಿಡುವ ಅನಾಹುತ ಇದರಿಂದ ತಪ್ಪುತ್ತದೆ. ಬ್ಯಾಕಪ್ಪಿನ ವಿಷಯದಲ್ಲೂ ಅವರದು ಪಟ್ಟು. ತೆಗೆದಿಟ್ಟ ಪ್ರತಿಯನ್ನು ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ, ಸಾಲುಗಳನ್ನು ಎಣಿಸಿ, ಹತ್ತಾರು ದಾಖಲೆ ತೆರೆದು ನೋಡುವವರೆಗೆ ಅವರು ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಚೆಗೆ ಕನ್ನಡದಲ್ಲೇ ಕೇಳಿದರೂ ಎಸ್‌ಕ್ಯೂಎಲ್ ಬರೆದುಕೊಡುವ ಎಐ ಸಾಧನಗಳು ಬಂದಿವೆ. ವ್ಯಾಕರಣ ತಪ್ಪಿಲ್ಲದ ಕ್ವೆರಿ ಕ್ಷಣದಲ್ಲಿ ಸಿಗುತ್ತದೆ. ಈ ಕೆಲಸಕ್ಕೆ ಬರಬಯಸುವ ಹುಡುಗ ಹುಡುಗಿಯರು ಇನ್ನು ನಾವೇಕೆ ಕಲಿಯಬೇಕು ಎಂದು ಕೇಳುತ್ತಾರೆ, ಆ ಆತಂಕ ನನಗೆ ಅರ್ಥವಾಗುತ್ತದೆ. ಕೊಟ್ಟ ಉತ್ತರ ಸರಿಯೇ ಎಂದು ನೋಡುವವರು ಬೇಕಲ್ಲ? ಕಾಲಮ್ಮಿನ ಹೆಸರು ವಿಸ್ತೀರ್ಣ ಎಂದಿದ್ದರೆ ಅದರೊಳಗಿನ ಚುಕ್ಕಿ ಗುಂಟೆಯದು ಎಂದು ಯಾರಾದರೂ ಹೇಳಿಕೊಡದೆ ಆ ಸಾಧನಕ್ಕೆ ತಿಳಿಯುವ ಬಗೆ ಯಾವುದು? ಪೋಸ್ಟ್‌ಗ್ರೆಸ್ ಪುಕ್ಕಟೆಯಾಗಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪಿಜಿ ಕೋಣೆಯಲ್ಲಿ ಕೂತು ಹತ್ತು ಲಕ್ಷ ಸಾಲುಗಳ ಒಂದು ಟೇಬಲ್ ತಾವೇ ತುಂಬಿಸಿ, ಇಂಡೆಕ್ಸ್ ಇದ್ದಾಗ ಮತ್ತು ಇಲ್ಲದಾಗ ಪ್ಲಾನ್ ಹೇಗೆ ಬದಲಾಗುತ್ತದೆ ಎಂದು ನೋಡಲಿ. ಎರಡು ಕಿಟಕಿ ತೆರೆದು ಒಂದೇ ಸಾಲನ್ನು ಎರಡೂ ಕಡೆಯಿಂದ ತಿದ್ದಿ, ಯಾವುದು ಕಾಯುತ್ತದೆ ಎಂದು ನೋಡಲಿ. ಎಂಟರ್ ಒತ್ತಿದ ಮೇಲೆ ನಡುವೆಯೇ ಯಂತ್ರ ನಿಲ್ಲಿಸಿ, ಮತ್ತೆ ಎಬ್ಬಿಸಿ, ಏನು ಉಳಿದಿದೆ ಎಂದು ನೋಡಲಿ.

ಆಮೇಲೆ ಮನೆಯ ಪಹಣಿಯನ್ನು ತೆಗೆದುಕೊಂಡು ಊರಿನ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋಗಿ ಕೂರಬೇಕು. ಹಿಸ್ಸಾ ಆಗದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಜಮೀನನ್ನು ನೀವು ಹೇಗೆ ಬರೆದುಕೊಳ್ಳುತ್ತೀರಿ? ಒಂದೇ ಊರಿನಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆದ ಇಬ್ಬರಿದ್ದರೆ ಹೇಗೆ ಗುರುತಿಸುತ್ತೀರಿ? ಪೋಡಿ ಆಗಿ ಜಮೀನು ಒಡೆದ ಮೇಲೆ ಹಳೆಯ ನಂಬರಿನ ಸಾಲ ಯಾವ ಹೊಸ ನಂಬರಿಗೆ ಹೋಗುತ್ತದೆ? ಆ ಉತ್ತರಗಳನ್ನು ಬರೆದುಕೊಂಡು ಬಂದವರಿಗೆ ಟೇಬಲ್ ಕಟ್ಟುವ ಕೆಲಸ ಅರ್ಧ ಮುಗಿದಿರುತ್ತದೆ.